ಶೂ ತಿಕ್ಕಿ ಒಳಗೆ ಬನ್ನಿ: ನ್ಯೂಜಿಲೆಂಡಿನಲ್ಲಿ 12 ದಿನ

ಹೊರಡುವ ಹಿಂದಿನ ದಿನ ಬೆಂಗಳೂರಿನ ಮನೆಯ ಬಚ್ಚಲಲ್ಲಿ ಕೂತು ಎರಡು ಜೊತೆ ಶೂ ತಿಕ್ಕಿದೆ. ನನ್ನದೊಂದು, ನಮ್ಮನೆಯವರದೊಂದು. ಹಳೇ ಟೂತ್‌ಬ್ರಷ್, ಸೋಪಿನ ನೀರು, ಒಂದು ಪಿನ್ನು. ಜನವರಿಯಲ್ಲಿ ಕೊಡಚಾದ್ರಿ ಹತ್ತಿ ಬಂದ ಶೂಗಳು ಅವು. ಆಮೇಲೆ ಊರಿಗೆ ಹೋದಾಗ ತೋಟಕ್ಕೂ ಅದನ್ನೇ ಹಾಕಿಕೊಂಡು ಇಳಿದಿದ್ದೆ. ಅಡಿಯ ಗೀರುಗಳಲ್ಲಿ ಕೆಂಪು ಮಣ್ಣು ಕೂತು ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಆಕ್ಲೆಂಡಿನಲ್ಲಿರುವ ಚಿಕ್ಕಮ್ಮನ ಮಗಳು ಫೋನಿನಲ್ಲಿ ಮೂರು ಸಲ ಹೇಳಿದ್ದಳು. "ಅಕ್ಕ, ಬೇರೆ ಏನು ಮರೆತ್ರೂ ಪರವಾಗಿಲ್ಲ. ಶೂ ಮಾತ್ರ ಚೆನ್ನಾಗಿ ತೊಳ್ಕೊಂಡು ಬಾ. ತಿಂಡಿ ಏನೇ ತಂದ್ರೂ ಫಾರ್ಮಿನಲ್ಲಿ ಬರಿ. ಬರೆದ್ರೆ ಏನೂ ತೊಂದರೆ ಇಲ್ಲ, ಮುಚ್ಚಿಟ್ರೆ ಕಷ್ಟ."

ಇದು 2025ರ ಫೆಬ್ರವರಿ ಕೊನೆಯ ಮಾತು. ವೀಸಾಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಿದ್ದೆವು. ಬ್ಯಾಂಕಿನ ಕಾಗದ, ಕೆಲಸದ ಕಾಗದ, ಪ್ರವಾಸದ ಪಟ್ಟಿ ಎಲ್ಲ ಕೊಟ್ಟು ಕೆಲವು ವಾರ ಕಾದೆವು. ವೀಸಾ ಶುಲ್ಕದ ಜೊತೆ ಪ್ರವಾಸಿಗರಿಗೆ 100 ನ್ಯೂಜಿಲೆಂಡ್ ಡಾಲರಿನ ಒಂದು ಲೆವಿ ಇದೆ. ಅದನ್ನು ಅಲ್ಲಿನ ಪ್ರಕೃತಿ ರಕ್ಷಣೆಗೂ ಪ್ರವಾಸಿ ಸೌಲಭ್ಯಗಳಿಗೂ ಬಳಸುತ್ತಾರೆ. ಅಲ್ಲಿ ಓಡಾಡಿ ಬಂದ ಮೇಲೆ ಆ ಹಣ ಕೊಟ್ಟದ್ದು ಸರಿಯಾಗಿಯೇ ಇತ್ತು ಅನ್ನಿಸಿತು. ವಿಮಾನ ಹತ್ತುವ ಮುಂಚೆ ಟ್ರಾವೆಲರ್ ಡಿಕ್ಲರೇಷನ್ ಅಂತ ಇನ್ನೊಂದು ಫಾರ್ಮು ತುಂಬಬೇಕು. ಅದಕ್ಕೆ ದುಡ್ಡಿಲ್ಲ. ತಿನ್ನುವ ಪದಾರ್ಥ, ಬೀಜ, ಗಿಡ, ಪ್ರಾಣಿಗಳ ವಸ್ತು, ಹೊರಗೆ ಓಡಾಡಿದ ಶೂ, ಟೆಂಟು ಎಲ್ಲದರ ಬಗ್ಗೆಯೂ ಪ್ರಶ್ನೆ ಇರುತ್ತದೆ. ಅಪಾಯದ ವಸ್ತುವನ್ನು ಹೇಳದೆ ಒಳಗೆ ತಂದರೆ ಸ್ಥಳದಲ್ಲೇ 400 ಡಾಲರ್ ದಂಡ.

ಅಮ್ಮ ತಂಗಿಗೆ ಅಂತ ಒಂದು ಬಾಟಲಿ ಜೇನುತುಪ್ಪ ಕಟ್ಟಿಟ್ಟಿದ್ದಳು. ತುಡುವೆ ಜೇನು, ನಮ್ಮ ತೋಟದ್ದೇ. ಅದನ್ನು ಬಿಟ್ಟು ಹೋದೆ. ಆ ದೇಶ ತನ್ನ ಜೇನುಹುಳುಗಳಿಗೆ ರೋಗ ತಗುಲಬಾರದು ಅಂತ ಹೊರಗಿನ ಜೇನುತುಪ್ಪವನ್ನು ಪ್ರಯಾಣಿಕರ ಕೈಯಲ್ಲಿ ಬಿಡುವುದಿಲ್ಲ. ಅಮ್ಮನಿಗೆ ಇದನ್ನು ಹೇಳಿದೆ. "ಹಂಗಾದ್ರೆ ಸರಿ, ಹುಳಕ್ಕೆ ಒಳ್ಳೇದಾಗ್ಲಿ" ಅಂದು ಬಾಟಲಿಯನ್ನು ವಾಪಸ್ ಕಪಾಟಿಗೆ ಇಟ್ಟಳು.

ಸಿಂಗಾಪುರದಲ್ಲಿ ವಿಮಾನ ಬದಲಿಸಿ, ಅಲ್ಲಿಂದ ಹತ್ತು ಗಂಟೆ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ನಮ್ಮ ಗಡಿಯಾರಕ್ಕಿಂತ ಏಳೂವರೆ ಗಂಟೆ ಮುಂದೆ. ಕಣ್ಣು ಎಳೆಯುತ್ತಿತ್ತು. ಅಧಿಕಾರಿ ನಮ್ಮ ತಿಂಡಿ ಚೀಲ ಬಿಚ್ಚಿಸಿ ನೋಡಿದರು. ಚಟ್ನಿಪುಡಿ, ಕೋಡುಬಳೆ. ಎರಡನ್ನೂ ಮೂಸಿ, ಕೇಳಿ, ವಾಪಸ್ ಕೊಟ್ಟರು. ಆಮೇಲೆ ಶೂ ಕೇಳಿದರು. ನಾನು ಹೆಮ್ಮೆಯಿಂದಲೇ ತೆಗೆದುಕೊಟ್ಟೆ. ಅವರು ತಿರುಗಿಸಿ, ಬೆಳಕಿಗೆ ಹಿಡಿದು, ಹಿಮ್ಮಡಿಯ ಹತ್ತಿರ ಒಂದು ಗೀರಿನೊಳಗೆ ಬೆರಳು ತೋರಿಸಿದರು. ಸಾಸಿವೆ ಕಾಳಿನಷ್ಟು ಕೆಂಪು ಮಣ್ಣು. ಎಲ್ಲಿ ನಡೆದಿದ್ದು ಅಂತ ಕೇಳಿದರು. ಬೆಟ್ಟ, ಅಡಿಕೆ ತೋಟ ಅಂದೆ. ಅವರು ಬೈಯಲಿಲ್ಲ. ಶೂಗಳನ್ನು ಒಳಗೆ ಕೊಂಡೊಯ್ದು, ತೊಳೆದು, ಹತ್ತು ನಿಮಿಷದಲ್ಲಿ ಒಂದು ಕವರಿನಲ್ಲಿ ಹಾಕಿ ತಂದುಕೊಟ್ಟರು. "ಹೇಳಿದ್ದಕ್ಕೆ ಥ್ಯಾಂಕ್ಸ್" ಅಂದರು. ಒದ್ದೆ ಶೂ ಹಿಡಿದುಕೊಂಡು ಹೊರಗೆ ಬಂದೆವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನಲ್ಲಿ ಎರಡು ದೊಡ್ಡ ದ್ವೀಪಗಳಿವೆ. 12 ದಿನದಲ್ಲಿ ಎರಡನ್ನೂ ಮುಗಿಸುತ್ತೇವೆ ಅಂತ ಹೊರಟರೆ ಕಾರಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ ಆಗುತ್ತದೆ. ದಕ್ಷಿಣ ದ್ವೀಪದ ಹಿಮದ ಬೆಟ್ಟಗಳನ್ನು ಬಿಡುವುದಕ್ಕೆ ನಮಗೂ ಮನಸ್ಸಿರಲಿಲ್ಲ. ಆದರೂ ಉತ್ತರ ದ್ವೀಪ ಮಾತ್ರ ಅಂತ ಗಟ್ಟಿ ಮಾಡಿದೆವು. ಅದು ಒಳ್ಳೆಯದಾಯಿತು.

ಆಕ್ಲೆಂಡ್ ಊರು ಕೂತಿರುವುದೇ ಜ್ವಾಲಾಮುಖಿಗಳ ಮೇಲೆ. ಸುಮಾರು 50 ಸಣ್ಣ ಜ್ವಾಲಾಮುಖಿಗಳು ಊರಿನ ತುಂಬ ಹರಡಿಕೊಂಡಿವೆ. 328 ಮೀಟರಿನ ಸ್ಕೈ ಟವರ್ ಹತ್ತಿ ಮೇಲಿಂದ ನೋಡಿದರೆ ಮನೆಗಳ ನಡುವೆ ಹಸಿರು ದಿಬ್ಬಗಳು ಅಲ್ಲಲ್ಲಿ ಎದ್ದಿರುವುದು ಕಾಣುತ್ತದೆ. ತಂಗಿ ಸಂಜೆ ನಮ್ಮನ್ನು ಮೌಂಟ್ ಈಡನ್ ದಿಬ್ಬಕ್ಕೆ ಕರೆದುಕೊಂಡು ಹೋದಳು. 196 ಮೀಟರ್ ಅಷ್ಟೇ. ತುದಿಯಲ್ಲಿ ಬಟ್ಟಲಿನ ಹಾಗೆ 50 ಮೀಟರ್ ಆಳದ ಗುಂಡಿ, ಒಳಗೆಲ್ಲ ಹುಲ್ಲು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನಕ್ಕೆ ಅದು ಪವಿತ್ರ ಜಾಗ. ಅದರೊಳಗೆ ಯಾರೂ ಇಳಿಯುವ ಹಾಗಿಲ್ಲ. ಸುತ್ತ ಮರದ ಹಲಗೆಯ ದಾರಿ ಮಾಡಿದ್ದಾರೆ. ಬೇಲಿ ಅಂತ ದೊಡ್ಡದೇನೂ ಇಲ್ಲ. ಮಕ್ಕಳು ಕೂಡ ಹಲಗೆ ಬಿಟ್ಟು ಕಾಲಿಡಲಿಲ್ಲ. ರಾತ್ರಿ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ದೋಸೆ ತಿಂದೆವು. ಆ ಬೀದಿಯಲ್ಲಿ ನಡೆದರೆ ದೂರ ದೇಶದಲ್ಲಿದ್ದೇವೆ ಅನ್ನಿಸುವುದಿಲ್ಲ.

ನಾನು ನಿಜವಾಗಿ ಹೇಳಬೇಕು ಅಂತ ಕೂತದ್ದು ಮೂರನೇ ದಿನದ ಬಗ್ಗೆ.

ಬೆಳಗ್ಗೆ ಆರಕ್ಕೇ ಬಾಡಿಗೆ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ಸಾಕು, ಓಡಿಸುವುದೂ ನಮ್ಮ ಹಾಗೆ ರಸ್ತೆಯ ಎಡಗಡೆ. ಡಾರ್ಗಾವಿಲ್ ದಾಟಿ ವೈಪೊವಾ ಕಾಡು. ಮೂರೂವರೆ ಗಂಟೆಯ ದಾರಿ. ಅಲ್ಲಿ ಕೌರಿ ಎಂಬ ಮರಗಳಿವೆ. ಬಿಳಿಯರು ಬಂದ ಮೇಲೆ ಹಡಗಿನ ಕಂಬಕ್ಕೆ, ಮನೆ ಕಟ್ಟುವುದಕ್ಕೆ ಅಂತ ಈ ಮರಗಳನ್ನು ಕಡಿದದ್ದಕ್ಕೆ ಲೆಕ್ಕವೇ ಇಲ್ಲ. ಉಳಿದ ವೈಪೊವಾ ಕಾಡನ್ನು 1952ರಲ್ಲಿ ರಕ್ಷಿತ ಅಂತ ಘೋಷಿಸಿದರು. ಟೆ ರೊರೊವಾ ಎಂಬ ಮಾವೊರಿ ಬಳಗ ಇವತ್ತಿಗೂ ಈ ಕಾಡಿನ ಕಾವಲಿನಲ್ಲಿದೆ.

ಕಾಡಿನ ಬಾಯಲ್ಲಿ ಒಂದು ಸಣ್ಣ ಮಾಡು. ಅದರ ಕೆಳಗೆ ಜಾಲರಿ, ಬ್ರಷ್ಷುಗಳು, ಔಷಧಿ ನೀರು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಶೂ ತಿಕ್ಕಬೇಕು. ಮೊದಲು ಬ್ರಷ್ಷಿನಿಂದ ಮಣ್ಣು ಪೂರ್ತಿ ತೆಗೆಯಬೇಕು, ಆಮೇಲೆ ಔಷಧಿ. ಮಣ್ಣು ಇದ್ದರೆ ಔಷಧಿ ಕೆಲಸ ಮಾಡುವುದಿಲ್ಲ ಅಂತ ಬರೆದಿತ್ತು. ಯಾಕೆ ಅಂದರೆ ಕೌರಿ ಮರಕ್ಕೆ ಒಂದು ರೋಗ ಬಂದಿದೆ. ಮಣ್ಣಿನಲ್ಲಿರುವ ಸೂಕ್ಷ್ಮ ಜೀವಿಯೊಂದು ಬೇರಿಗೆ ತಗುಲಿ, ಬುಡ ಕೊಳೆಸಿ, ಮರದ ಬಾಯಿಗೆ ನೀರೂ ಹೋಗದ ಹಾಗೆ ಮಾಡುತ್ತದೆ. ಎಲೆ ಹಳದಿಯಾಗಿ, ಕೊಂಬೆ ಬೋಳಾಗಿ, ಬುಡದಲ್ಲಿ ಅಂಟು ಸೋರಿ, ಸಾವಿರ ವರ್ಷದ ಮರ ನಿಂತಲ್ಲೇ ಸಾಯುತ್ತದೆ. ಗುಂಡುಪಿನ್ನಿನ ತಲೆಯಷ್ಟು ಮಣ್ಣು ಸಾಕು, ರೋಗ ಇನ್ನೊಂದು ಮರಕ್ಕೆ ಹೋಗಲು.

ಆ ಜೀವಿಯ ಹೆಸರು ಫಲಕದ ಮೇಲಿತ್ತು. ಫೈಟಾಫ್ತೊರ ಅಗಾತಿಡಿಸಿಡ. ಮೊದಲ ಪದ ಓದಿದವಳೇ ನಿಂತುಬಿಟ್ಟೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ನಮ್ಮ ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗ ಕೂಡ ಫೈಟಾಫ್ತೊರವೇ. ಅದೇ ಕುಲ, ಬೇರೆ ಜಾತಿ. ಮಳೆ ಹಿಡಿಯುವ ಮುಂಚೆ ಅಪ್ಪಯ್ಯ ಬೋರ್ಡೋ ಎಂಬ ಔಷಧಿ ಕಾಯಿಸುತ್ತಾರೆ. ಕಾಯಿಸುವುದು ಅಂದರೆ ಒಲೆ ಮೇಲಲ್ಲ, ಹಾಗೆ ಹೇಳುವ ರೂಢಿ ನಮ್ಮ ಮನೆಯಲ್ಲಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊನೆಗೌಡರು ಮರ ಹತ್ತಿ ಒಂದೊಂದೇ ಅಡಿಕೆ ಗೊಂಚಲಿಗೆ ಹೊಡೆಯುತ್ತಾರೆ. 40-45 ದಿನ ಬಿಟ್ಟು ಇನ್ನೊಂದು ಸಲ. ಮಧ್ಯೆ ಮಳೆ ಬಿಡದೆ ಹೊಡೆದರೆ ಎಲ್ಲ ನೀರಿನಲ್ಲಿ ಹೋಮ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಹೊಡೆಯುವುದನ್ನು ರೈತರಿಗೆ ಕಲಿಸಿದರು. ಜಗತ್ತಿನ ವಿಜ್ಞಾನಿಗಳು ಆ ರೋಗವನ್ನು ಇಂಗ್ಲಿಷಿನಲ್ಲೂ ಕೊಳೆರೋಗ ಅಂತಲೇ ಕರೆಯುತ್ತಾರೆ, ಗೊತ್ತಾ? ನಮ್ಮ ನೋವಿಗೆ ನಮ್ಮ ಮಾತಿನದೇ ಹೆಸರು.

ಒಂದು ಆಷಾಢದಲ್ಲಿ ಅರ್ಧಕ್ಕರ್ಧ ಹಸಿರು ಕಾಯಿ ಉದುರಿ ಮರದ ಬುಡದಲ್ಲಿ ಕೊಳೆಯುತ್ತಿದ್ದ ವಾಸನೆ ನನಗೆ ಇನ್ನೂ ನೆನಪಿದೆ. ಅಪ್ಪಯ್ಯ ಆ ದಿನ ಊಟ ಮಾಡಲಿಲ್ಲ. ವಿಮಾನ ನಿಲ್ದಾಣದ ಆ ಸಾಸಿವೆ ಕಾಳಿನಷ್ಟು ಮಣ್ಣು ಎಲ್ಲಿಯದು ಅಂತ ಹೊಳೆದು ಮೈ ಜುಂ ಅಂದಿತು.

ಮಾಡಿನ ಕೆಳಗೆ ನಮಗಿಂತ ಮುಂದೆ ಒಬ್ಬ ಅಜ್ಜಿ, ಆರು ವರ್ಷದ ಮೊಮ್ಮಗ. ಹುಡುಗ ಬ್ರಷ್ಷಿನಿಂದ ತಿಕ್ಕಿ, ಕಾಲೆತ್ತಿ ಶೂವಿನ ಅಡಿಯನ್ನು ಅಜ್ಜಿಗೆ ತೋರಿಸಿದ. ಅಜ್ಜಿ ಬೆರಳಿನಿಂದ ಒಂದು ಮೂಲೆ ತೋರಿಸಿದರು. ಅವನು ಮತ್ತೆ ತಿಕ್ಕಿ, ಮತ್ತೆ ತೋರಿಸಿದ. ಮೂರನೇ ಸಲಕ್ಕೆ ಅಜ್ಜಿ ತಲೆ ಆಡಿಸಿದರು. ಕಾವಲಿಗೆ ಅಂತ ಅಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ನಾನೂ ನಮ್ಮನೆಯವರೂ ನಮ್ಮ ಸರದಿ ಬಂದಾಗ ಒಬ್ಬರದ್ದು ಒಬ್ಬರು ನೋಡಿ ತಿಕ್ಕಿದೆವು.

ಒಳಗೆ ಹಲಗೆಯ ದಾರಿ. ಕೌರಿಯ ಆಹಾರದ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಅದನ್ನು ಮೆಟ್ಟಬಾರದು ಅಂತ ನೆಲದಿಂದ ಎತ್ತರಿಸಿ ದಾರಿ ಮಾಡಿದ್ದಾರೆ. ಐದು ನಿಮಿಷ ನಡೆದರೆ ತಿರುವು. ತಿರುಗಿದರೆ ಎದುರಿಗೆ ಟಾನೆ ಮಹುಟ. ಕಾಡಿನ ಒಡೆಯ ಅಂತ ಅರ್ಥ. ಎತ್ತರ 51 ಮೀಟರ್, ಸುತ್ತಳತೆ 13 ಮೀಟರಿಗೂ ಜಾಸ್ತಿ. ಮೊದಲು ನನಗೆ ಅದು ಮರ ಅಂತಲೇ ಹೊಳೆಯಲಿಲ್ಲ, ಗೋಡೆ ಅಂದುಕೊಂಡೆ. ಬೂದು ಬಣ್ಣದ ತೊಗಟೆ, ಸುತ್ತಿಗೆಯಲ್ಲಿ ಬಡಿದ ತಾಮ್ರದ ಹಂಡೆಯ ಹಾಗೆ ಸಣ್ಣ ಸಣ್ಣ ಕುಳಿ. ಬಹಳ ಎತ್ತರದ ತನಕ ಒಂದೂ ಕೊಂಬೆ ಇಲ್ಲ. ಮೇಲೆ ಕೊಂಬೆಗಳ ಸಂದಿಯಲ್ಲಿ ಬೇರೆ ಗಿಡಗಳೇ ಒಂದು ತೋಟ ಮಾಡಿಕೊಂಡಿವೆ. ಮಾವೊರಿ ಕತೆಯಲ್ಲಿ ಆಕಾಶ ತಂದೆ ಮತ್ತು ಭೂಮಿ ತಾಯಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಬಿಡದೆ ಇದ್ದಾಗ, ಮಗ ಟಾನೆ ಇಬ್ಬರ ನಡುವೆ ಮಲಗಿ ಕಾಲಿನಿಂದ ಒದ್ದು ಆಕಾಶವನ್ನು ಮೇಲಕ್ಕೆ ಎತ್ತಿದನಂತೆ. ಹಾಗೆ ಲೋಕಕ್ಕೆ ಬೆಳಕು ಬಂತಂತೆ. ಆ ಮರದ ಕೆಳಗೆ ನಿಂತು ತಲೆ ಎತ್ತಿದರೆ ಕತೆ ಕತೆಯಾಗಿ ಉಳಿಯುವುದಿಲ್ಲ.

ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆವು. ಯಾರೂ ಜೋರಾಗಿ ಮಾತಾಡಲಿಲ್ಲ. ಬರುವಾಗ ಮತ್ತೆ ಶೂ ತಿಕ್ಕಿದೆವು.

ವೈಟೊಮೊ ಗುಹೆಯ ಬಗ್ಗೆ ಎರಡು ಮಾತು ಸಾಕು. ಕತ್ತಲಲ್ಲಿ ದೋಣಿ. ಗುಹೆಯ ಚಾವಣಿಗೆ ಅಂಟಿಕೊಂಡ ಸಾವಿರಾರು ಹುಳುಗಳು ನೀಲಿ ಹಸಿರು ಬೆಳಕು ಬಿಡುತ್ತವೆ. ಅಂಟು ದಾರ ಇಳಿಬಿಟ್ಟು ಸಣ್ಣ ನೊಣಗಳನ್ನು ಹಿಡಿಯುವ ಉಪಾಯ ಅದು. ನಮ್ಮ ಮಲೆನಾಡಿನ ಮಿಂಚುಹುಳದ ಹಾಗೆ ಮಿಣುಕುವುದಿಲ್ಲ, ಉರಿಯುತ್ತಲೇ ಇರುತ್ತದೆ. ಫೋಟೊ ತೆಗೆಯುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಫೋಟೊ ಇಲ್ಲದೆ ಇದ್ದದ್ದಕ್ಕೇ ಇರಬೇಕು, ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಅಲ್ಲಿಂದ ಟೊಂಗರಿರೊ. ನಾವು ಈ ಪ್ರವಾಸಕ್ಕೆ ಹೊರಟದ್ದೇ ಮುಖ್ಯವಾಗಿ ಈ ನಡಿಗೆಗೆ. ಮೂರು ಜ್ವಾಲಾಮುಖಿಗಳು ಅಕ್ಕಪಕ್ಕ: ಟೊಂಗರಿರೊ, ಎಂಗೌರುಹೊಯೆ, ರುಅಪೆಹು. 1887ರಲ್ಲಿ ಮಾವೊರಿ ಮುಖಂಡ ಹೊರೊನುಕು ಟೆ ಹೆಯುಹೆಯು ಟುಕಿನೊ ಈ ಶಿಖರಗಳನ್ನು ಎಲ್ಲರಿಗೂ ಸೇರಿದ್ದಾಗಲಿ ಅಂತ ಸರ್ಕಾರಕ್ಕೆ ಕೊಟ್ಟರು. ಅದೇ ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಯುನೆಸ್ಕೊ 1990ರಲ್ಲಿ ಪ್ರಕೃತಿಗಾಗಿ, 1993ರಲ್ಲಿ ಸಂಸ್ಕೃತಿಗಾಗಿ, ಹೀಗೆ ಎರಡು ಸಲ ಇದನ್ನು ಪಟ್ಟಿಗೆ ಸೇರಿಸಿತು.

ನಡಿಗೆ ಸುಮಾರು 20 ಕಿ.ಮೀ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದು. ಹಾಗಾಗಿ ಷಟಲ್ ಬಸ್ಸು ಬೇಕು. ಶುರುವಾಗುವ ಕಡೆ ಕಾರು ನಾಲ್ಕು ಗಂಟೆಗಿಂತ ಜಾಸ್ತಿ ನಿಲ್ಲಿಸುವ ಹಾಗಿಲ್ಲ. ನಾವು ಬುಕ್ ಮಾಡಿದ್ದ ದಿನ ಬೆಳಗಿನ ಜಾವ ಮೆಸೇಜು ಬಂತು. ಮೇಲೆ ಗಾಳಿ ಜೋರು, ಇವತ್ತು ಬಸ್ಸಿಲ್ಲ. ಕೆಳಗೆ ನೋಡಿದರೆ ಒಳ್ಳೇ ಬಿಸಿಲು. ನಮ್ಮನೆಯವರಿಗೆ ಬೇಜಾರಾಯಿತು. "ಸುಮ್ನೆ ಹೆದರಿಸ್ತಾರೆ ಅಲ್ವಾ?" ಅಂದರು. ಮಧ್ಯಾಹ್ನದ ಹೊತ್ತಿಗೆ ಶಿಖರಗಳು ಮೋಡದಲ್ಲಿ ಪೂರ್ತಿ ಮುಚ್ಚಿಹೋದವು. ಕೆಳಗಿನ ಹಳ್ಳಿಯಲ್ಲೇ ಮರ ಬಗ್ಗುತ್ತಿತ್ತು. ಹೋಗುವವರು ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಇದು ನಾನು ಎಲ್ಲರಿಗೂ ಹೇಳುವ ಮಾತು. ನಮ್ಮ ಹತ್ತಿರ ಆ ಒಂದು ದಿನ ಇತ್ತು.

ಮಾರನೇ ದಿನ ಬೆಳಗ್ಗೆ ಬಸ್ಸಿನ ಡ್ರೈವರ್ ಒಬ್ಬೊಬ್ಬರನ್ನೇ ನೋಡಿದರು. ಮಳೆ ಜಾಕೆಟ್ ಇದೆಯಾ, ಬೆಚ್ಚನೆ ಬಟ್ಟೆ ಇದೆಯಾ, ನೀರು ಎಷ್ಟಿದೆ. ಜೀನ್ಸ್ ಹಾಕಿದ್ದ ಒಬ್ಬ ಹುಡುಗನಿಗೆ ಬೇರೆ ಪ್ಯಾಂಟು ಇದ್ದರೆ ಬದಲಿಸಿ ಬಾ ಅಂದರು. ಮೇಲೆ ನೀರಿಲ್ಲ, ಕಸದ ಡಬ್ಬಿಯೂ ಇಲ್ಲ. ತೆಗೆದುಕೊಂಡು ಹೋದದ್ದೆಲ್ಲ ವಾಪಸ್ ಬರಬೇಕು.

ಮಂಗಟೆಪೊಪೊ ಕಣಿವೆಯಲ್ಲಿ ಮೊದಲ ಒಂದೂವರೆ ಗಂಟೆ ಸಲೀಸು. ಹಳೇ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು, ಮಧ್ಯೆ ಸಣ್ಣ ತೊರೆ. ಆಮೇಲೆ ಮೆಟ್ಟಿಲು. ಡೆವಿಲ್ಸ್ ಸ್ಟೇರ್‌ಕೇಸ್ ಅಂತ ಅದರ ಹೆಸರು. ಇಪ್ಪತ್ತು ಮೆಟ್ಟಿಲಿಗೆ ಒಂದು ಸಲ ನಿಂತು ಹತ್ತಿದೆ. ಮೇಲೆ ಹೋದರೆ ಒಮ್ಮೆಲೇ ಮಟ್ಟಸ ಬಯಲು, ಸೌತ್ ಕ್ರೇಟರ್. ಒಂದು ಹುಲ್ಲುಕಡ್ಡಿಯೂ ಇಲ್ಲ. ಹೆಜ್ಜೆಯ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಬಲಗಡೆ ಎಂಗೌರುಹೊಯೆ, ಅಕ್ಕಿ ರಾಶಿ ಹಾಕಿದ ಹಾಗೆ. ಮುಂಚೆ ಜನ ಅದರ ತುದಿಗೂ ಹತ್ತುತ್ತಿದ್ದರು. ಈಗ ಹತ್ತಬೇಡಿ ಅಂತ ಕೇಳಿಕೊಳ್ಳುತ್ತಾರೆ. ಮಾವೊರಿ ಜನಕ್ಕೆ ಈ ಬೆಟ್ಟಗಳು ಹಿರಿಯರು, ಶಿಖರ ಅವರ ತಲೆ. ತಲೆಯ ಮೇಲೆ ಕಾಲಿಡುತ್ತಾರಾ ಯಾರಾದರೂ? ನಮಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ರೆಡ್ ಕ್ರೇಟರ್ ಈ ದಾರಿಯ ಅತಿ ಎತ್ತರದ ಜಾಗ, 1,850 ಮೀಟರಿಗೂ ಮೇಲೆ. ನೆಲ ಕುಂಕುಮ ಕೆಂಪು, ನಡುವೆ ಕಪ್ಪು ಬಿರುಕು. ಗಂಧಕದ ವಾಸನೆ. ಕೈಯಿಟ್ಟರೆ ನೆಲ ಬೆಚ್ಚಗೆ. ಅಲ್ಲಿ ಕೂತು ಚಪಾತಿ, ಚಟ್ನಿಪುಡಿ, ಎರಡು ಕೋಡುಬಳೆ ತಿಂದೆವು. ಗಾಳಿಗೆ ಚಟ್ನಿಪುಡಿ ಹಾರದ ಹಾಗೆ ಚಪಾತಿ ಸುತ್ತಿ ಹಿಡಿದುಕೊಂಡಿದ್ದೆ.

ಕೆಳಗೆ ಎಮರಾಲ್ಡ್ ಲೇಕ್ಸ್. ಮೂರು ಸಣ್ಣ ಕೊಳ. ಬೆಟ್ಟದೊಳಗಿನಿಂದ ಬರುವ ಖನಿಜ ಕರಗಿ ನೀರು ಪಚ್ಚೆ ಬಣ್ಣ. ಅಲ್ಲಿಗೆ ಇಳಿಯುವ ದಾರಿ ಪೂರ್ತಿ ಸಡಿಲ ಜಲ್ಲಿ. ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಜಾರುತ್ತಾ ಇಳಿಯಬೇಕು. ನಾನು ಎರಡು ಸಲ ಕೂತೆ. ಹಿಂದೆ ಬರುತ್ತಿದ್ದ ಒಬ್ಬರು ತಮ್ಮ ಕೋಲು ಕೊಟ್ಟು, ಕೊಳದ ಹತ್ತಿರ ವಾಪಸ್ ತೆಗೆದುಕೊಂಡರು. ಕೊಳದ ನೀರು ಮುಟ್ಟಬಾರದು. ಅದರ ದಂಡೆಯಲ್ಲಿ ಅಷ್ಟು ಜನ ಕೂತಿದ್ದರು, ಒಬ್ಬರೂ ಕೈ ಅದ್ದಲಿಲ್ಲ. ಇಷ್ಟು ದೂರ ನಡೆದು ಬಂದು, ಬೆವರಿ, ಎದುರಿಗೆ ಅಂಥ ನೀರಿದ್ದೂ ಮುಟ್ಟದೆ ಕೂರುವುದರಲ್ಲಿ ಒಂದು ಸುಖ ಇತ್ತು. ಗರ್ಭಗುಡಿಯ ಹೊಸ್ತಿಲ ಹೊರಗೆ ನಿಂತ ಹಾಗೆ.

ಇಳಿಯುವ ದಾರಿ ಉದ್ದ. 2012ರಲ್ಲಿ ಟೆ ಮಾರಿ ಎಂಬ ಜ್ವಾಲಾಮುಖಿಯ ಬಾಯಿ ಸಿಡಿದ ಕಡೆ ಈಗಲೂ ಆವಿ ಏಳುವುದು ದೂರದಿಂದ ಕಾಣುತ್ತದೆ. ಕೊನೆಯ ಗಂಟೆ ಕಾಡಿನೊಳಗೆ. ದಾರಿ ಮುಗಿಯುವ ಕೆಟೆಟಾಹಿ ತಲುಪಿದಾಗ ನಡೆಯಲು ಶುರು ಮಾಡಿ ಎಂಟು ಗಂಟೆ ಆಗಿತ್ತು. ಶೂ ಬಿಚ್ಚಿದರೆ ಒಳಗೆಲ್ಲ ಕಪ್ಪು ಪುಡಿ.

ವೆಲಿಂಗ್ಟನ್ನಿಗೆ ಬಂದಾಗ ಕಾಲು ಇನ್ನೂ ನೋಯುತ್ತಿತ್ತು. ರಾಜಧಾನಿ ಅಂದರೂ ಸಣ್ಣ ಊರು, ಗಾಳಿ ಊರು. 1902ರಿಂದ ಓಡುತ್ತಿರುವ ಕೆಂಪು ಕೇಬಲ್ ಕಾರಿನಲ್ಲಿ ಗುಡ್ಡ ಹತ್ತಿ ಬಂದರನ್ನು ನೋಡಿದೆವು. ಟೆ ಪಾಪ ಮ್ಯೂಸಿಯಮ್ಮಿಗೆ ಹೊರದೇಶದವರಿಗೆ 35 ಡಾಲರ್, ಅರ್ಧ ದಿನ ಸಾಲದು. ಭೂಕಂಪಕ್ಕೆ ಅಲುಗದಿರಲಿ ಅಂತ ಅದರ ಕಟ್ಟಡದ ಕೆಳಗೆ ರಬ್ಬರು ಮತ್ತು ಸೀಸದ ದಿಮ್ಮಿಗಳನ್ನು ಇಟ್ಟಿದ್ದಾರೆ. ಅದನ್ನು ಕಂಡುಹಿಡಿದದ್ದೂ ಆ ದೇಶದ ಬಿಲ್ ರಾಬಿನ್ಸನ್ ಎಂಬ ವಿಜ್ಞಾನಿಯೇ.

ಆದರೆ ವೆಲಿಂಗ್ಟನ್ನಿನಲ್ಲಿ ಒಂದೇ ಜಾಗ ನೋಡುವಷ್ಟು ಹೊತ್ತಿದ್ದರೆ ಜೀಲ್ಯಾಂಡಿಯಾಕ್ಕೆ ಹೋಗಿ. ಊರ ನಡುವಿನಿಂದ ಹತ್ತು ನಿಮಿಷ. 225 ಹೆಕ್ಟೇರ್ ಕಣಿವೆಯ ಸುತ್ತ 8.6 ಕಿ.ಮೀ. ಬೇಲಿ. ಇಲಿ, ಬೆಕ್ಕು, ಮುಂಗುಸಿಯಂಥ ಸ್ಟೋಟು ಒಳಗೆ ಬರಬಾರದು ಅಂತ. ಬಾವಲಿ ಬಿಟ್ಟರೆ ಆ ನಾಡಿನ ನೆಲದಲ್ಲಿ ಮೂಲದಿಂದ ಸಸ್ತನಿಗಳೇ ಇರಲಿಲ್ಲ. ಹಕ್ಕಿಗಳು ಹೆದರಿಕೆ ಇಲ್ಲದೆ ಬೆಳೆದವು, ಕೆಲವು ಹಾರುವುದನ್ನೇ ಬಿಟ್ಟವು. ಮನುಷ್ಯನ ಜೊತೆ ಇಲಿ, ಬೆಕ್ಕು ಬಂದವು, ಹಕ್ಕಿಗಳು ಹೋದವು. ಬಾಗಿಲಲ್ಲಿ ನಮ್ಮ ಬ್ಯಾಗು ಬಿಚ್ಚಿಸಿದರು. ಒಳಗೆ ಇಲಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ನಾನು ಖುಷಿಯಿಂದ ಜಿಪ್ಪು ಎಳೆದು ತೋರಿಸಿದೆ. 500 ವರ್ಷದ ಯೋಜನೆ ಅದು. ಮನುಷ್ಯ ಬರುವ ಮುಂಚೆ ಆ ಕಣಿವೆ ಹೇಗಿತ್ತೋ ಹಾಗೆ ಮಾಡುವುದು. ಶುರು ಮಾಡಿದವರು ಯಾರೂ ಅದನ್ನು ನೋಡುವುದಿಲ್ಲ. ಆದರೂ ಈಗಲೇ ಕಾಕಾ ಎಂಬ ಕಂದು ಗಿಳಿಗಳು ಬೇಲಿ ದಾಟಿ ಊರ ಮೇಲೆ ಹಾರುತ್ತವೆ. 2002ರಲ್ಲಿ ಕೆಲವನ್ನು ತಂದು ಬಿಟ್ಟಿದ್ದರಂತೆ. ಸಂಜೆ ಬಸ್ ಸ್ಟಾಪಿನಲ್ಲಿ ನಿಂತಾಗ ನಮ್ಮ ತಲೆಯ ಮೇಲೆ ನಾಲ್ಕು ಕೂಗುತ್ತಾ ಹೋದವು.

ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ರಾತ್ರಿ ಊಟದ ಮೇಲೆ ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಫೋಟೊ ತೋರಿಸಿದೆ. ಪಚ್ಚೆ ಕೊಳಗಳನ್ನು ನೋಡಿ "ಚೆನ್ನಾಗಿದ್ದು" ಅಂದರು. ಟಾನೆ ಮಹುಟವನ್ನು ತುಂಬ ಹೊತ್ತು ನೋಡಿದರು. ಆ ಜಾತಿಯ ಮರಗಳಿಗೂ ನಮ್ಮ ಕೊಳೆಯ ಕುಲದ್ದೇ ರೋಗ ಅಂದೆ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಔಷಧಿ ಏನು ಹೊಡೀತಾರೆ ಅಂತ ಕೇಳಿದರು. ಫಾಸ್ಫೈಟ್ ಅಂತ ಒಂದನ್ನು ಕಾಂಡಕ್ಕೆ ಚುಚ್ಚಿ ನೋಡ್ತಿದಾರೆ, ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಅದಕ್ಕೇ ಶೂ ತಿಕ್ಕುವುದು ಅಂದೆ.

"ನಮ್ದು ಮಳೆಗಾಳಿಗೆ ಹರಡೋದು. ಶೂ ತಿಕ್ಕಿದ್ರೆ ನಿಲ್ಲೂದಲ್ಲ" ಅಂದರು. ಆಮೇಲೆ ಮುಂದಿನ ಫೋಟೊ ಸರಿಸಿದರು. ಮಾಡು, ಜಾಲರಿ, ಬ್ರಷ್ಷುಗಳು. ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಯಾರೂ ನೋಡ್ತಾ ಇಲ್ದೇ ಇದ್ರೂ ತಿಕ್ತಾರಾ?"

"ತಿಕ್ತಾರೆ ಅಪ್ಪಯ್ಯ" ಅಂದೆ. ಆ ಹುಡುಗನ ವಿಷಯ ಹೇಳಿದೆ.